ಹಳೇ ಬುಲೆಟ್ಟಿಗೆ ಲೆಗ್ ಗಾರ್ಡ್, ಸೈಡ್ ಬ್ಯಾಗ್: ಚಾಸಿಗೆ ಒಂದು ತೂತೂ ಕೊರೆಯದೆ

ಅಪ್ಪನ ಬುಲೆಟ್ 1972ರದ್ದು. ಆರ್‌ಸಿ ಪುಸ್ತಕದ ಮೇಲೆ ಇನ್ನೂ ಮೈಸೂರು ರಾಜ್ಯ ಅಂತಲೇ ಇದೆ. ಕರ್ನಾಟಕ ಅಂತ ಹೆಸರು ಬಂದದ್ದು ಅದರ ಮರುವರ್ಷ ಅಲ್ವಾ. ಈ ಗಾಡಿಗೆ ಇಲ್ಲಿಯವರೆಗೆ ಎರಡು ಲೆಗ್ ಗಾರ್ಡ್ ಆಗಿವೆ. ಮೊದಲನೇದನ್ನು ದುಡ್ಡು ಕೊಟ್ಟು ಹಾಕಿಸಿಕೊಂಡೆ. ಎರಡನೇದನ್ನು ನಾನೇ ಮಾಡಿದೆ.

ಮೊದಲನೇದು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅರ್ಧ ಗಂಟೆಯಲ್ಲಿ ಹಾಕಿ ಕೊಟ್ಟರು. ಆ ಮಳೆಗಾಲದಲ್ಲಿ ಜಾಂಬೋಟಿ ಹತ್ತಿರ ಚಹಾ ಕುಡಿಯೋಣ ಅಂತ ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ಹಾಕಿ ಇಳಿದೆ. ಕೆಂಪು ಮಣ್ಣು ಮೆತ್ತಗಾಗಿತ್ತು. ಸ್ಟ್ಯಾಂಡ್ ಮಣ್ಣಿಗಿಳಿದು ಗಾಡಿ ಎಡಕ್ಕೆ ಮಲಗಿತು. ಓಡುತ್ತಿದ್ದ ಗಾಡಿಯಲ್ಲ, ಸುಮ್ನೆ ನಿಂತಿದ್ದ ಗಾಡಿ. ಆದರೂ ಗಾರ್ಡಿನ ಪೈಪು ಒಳಗೆ ಮಡಚಿಕೊಂಡು ಬ್ರೇಕ್ ಪೆಡಲಿನ ಮೇಲೆ ಕೂತಿತು. ಹಳೇ ಬುಲೆಟ್ಟಿನ ಕಾಲಿನ ಬ್ರೇಕ್ ಎಡಗಡೆಗೆ, ಗೇರು ಬಲಗಡೆಗೆ. ಹಿಂದಿನ ಗಾಲಿ ಜಾಮ್. ಚಹಾದಂಗಡಿಯ ಅಜ್ಜ ಹಾರೆ ತಂದುಕೊಟ್ಟು, "ಗಾಡಿ ಉಳಸಾಕ ಹಾಕಿದ್ದು ಗಾಡಿನಽ ಹಿಡಕೊಂಡು ಕುಂತೈತಲ್ಲೋ ತಮ್ಮಾ" ಅಂದ. ಆ ಮಾತು ತಲೆಯಲ್ಲಿ ಉಳಿಯಿತು.

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮುಂದೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಪೈಪಿನ ಗೇಜ್, ಅಂದರೆ ಗೋಡೆಯ ದಪ್ಪ, ನೋಡದೆ ಹೊಳಪು ನೋಡಿ ಮೋಸ ಹೋದೆನಲ್ಲ ಅಂತ ನಾಚಿಕೆಯಾಯಿತು. ಹಾಗಾಗಿ ಮೊದಲು ಪೈಪಿನ ಮಾತು. ಹೊರವ್ಯಾಸ ಒಂದು ಇಂಚಿನ ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್, 14 ಗೇಜ್, ಅಂದರೆ ಗೋಡೆ 2 ಮಿ.ಮೀ. ಇರಬೇಕು. ಇದು ಮೀಟರಿಗೆ ಸುಮಾರು 1.1 ಕಿಲೋ ತೂಗುತ್ತದೆ. 18 ಗೇಜಿನದಾದರೆ 700 ಗ್ರಾಂ ಅಷ್ಟೇ. ಒಂದು ಗಾರ್ಡಿಗೆ ಎರಡು ಮೀಟರಿನಷ್ಟು ಪೈಪ್ ಹೋಗುತ್ತದೆ ಅಂದುಕೊಳ್ಳಿ. ರೆಡಿಮೇಡ್ ಕೊಳ್ಳುವವರು ತಕ್ಕಡಿ ಮೇಲಿಟ್ಟು ನೋಡಿ. ಪಟ್ಟಿ, ಕ್ಲ್ಯಾಂಪ್ ಎಲ್ಲ ಸೇರಿ ಎರಡು ಕಿಲೋ ಕೂಡ ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಹಾಗಂತ ತೀರಾ ದಪ್ಪ ಪೈಪೂ ಬೇಡ. ಜೋರು ಹೊಡೆತ ಬಿದ್ದರೆ ಗಾರ್ಡ್ ಬಾಗಬೇಕು, ಚಾಸಿ ಬಾಗಬಾರದು. ಗಾರ್ಡ್ ಬಗ್ಗದಿದ್ದರೆ ಆ ಪೆಟ್ಟು ನೇರ ಚಾಸಿಗೇ ಹೋಗುತ್ತದೆ.

ಬೆಂಡ್ ಮಾಡಿದ ಜಾಗದಲ್ಲಿ ಕೈಯಾಡಿಸಿ. ಒಳಮೈ ಸುಕ್ಕಾಗಿದ್ದರೆ, ಹೊರಮೈ ಚಪ್ಪಟೆಯಾಗಿದ್ದರೆ ಪೈಪು ಮುಂದೆ ಮಡಚಿಕೊಳ್ಳುವುದು ಅಲ್ಲೇ. ನಾನು ಪೈಪಿನೊಳಗೆ ಒಣಗಿದ ಮರಳು ಗಿಡಿದು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಕಾಯಿಸಿ ಬಗ್ಗಿಸಿದೆ. ಮರಳು ಹಸಿ ಇರಬಾರದು. ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಬೆಣೆ ಗುಂಡಿನ ಹಾಗೆ ಹಾರುತ್ತದೆ.

ಈಗ ಗಾಡಿ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ತಣ್ಣಗಾಗಲಿ. ಬುಲೆಟ್ಟಿನ ಚಾಸಿಯಲ್ಲಿ ಮುಂದಿನ ಪೈಪು ಒಂದೇ. ಹ್ಯಾಂಡಲಿನ ಕೆಳಗಿಂದ ಬಂದು ಇಂಜಿನ್ನಿನ ಮುಂದೆ ಮುಗಿಯುತ್ತದೆ. ಅಲ್ಲಿಂದ ಎರಡು ಪ್ಲೇಟುಗಳು ಇಂಜಿನ್ನನ್ನು ಹಿಡಿದಿವೆ. ಲೆಗ್ ಗಾರ್ಡಿಗೆ ಇರುವ ಆಸರೆ ಇವೆರಡೇ. ಮೇಲ್ಗಡೆ ಆ ಪೈಪಿಗೆ ಕ್ಲ್ಯಾಂಪ್, ಕೆಳಗಡೆ ಪ್ಲೇಟುಗಳ ಸ್ಟಡ್, ಅಂದರೆ ಎರಡೂ ತುದಿಗೆ ನಟ್ ಹಾಕುವ ತಲೆಯಿಲ್ಲದ ಬೋಲ್ಟ್.

ಕೆಳಗಿನದೇ ಕಷ್ಟದ್ದು, ಅದನ್ನು ಮೊದಲು ಮಾಡಿ. ಹಳೇ ಸ್ಟಡ್ ಉದ್ದ ಸಾಲುವುದಿಲ್ಲ. ಗಾರ್ಡಿನ ಪಟ್ಟಿ ಎರಡೂ ಕಡೆ 5 ಮಿ.ಮೀ. ಇದ್ದರೆ 10 ಮಿ.ಮೀ. ಅಲ್ಲೇ ಹೋಯಿತು, ವಾಶರ್ ಬೇರೆ. ಇದ್ದ ಸ್ಟಡ್ಡಿನಲ್ಲೇ ಹೇಗೋ ಹೊಂದಿಸಿದರೆ ನಟ್ಟಿಗೆ ಎರಡು ಮೂರು ಥ್ರೆಡ್ ಸಿಗುತ್ತದೆ ಅಷ್ಟೇ. ನನ್ನ ಮೊದಲ ಗಾರ್ಡ್ ನಿಂತಿದ್ದು ಹಾಗೆಯೇ. ಬಿಗಿದ ಮೇಲೆ ನಟ್ಟಿನಾಚೆ ಒಂದೆರಡು ಥ್ರೆಡ್ ಕಾಣಬೇಕು. ನಾನು ಇಎನ್8 ಅನ್ನುವ ಗಟ್ಟಿ ಉಕ್ಕಿನ ರಾಡಿನಲ್ಲಿ ಹೊಸ ಸ್ಟಡ್ ತಿರುವಿಕೊಂಡೆ. ಲೇತ್ ಇಲ್ಲದವರು ಹಳೇ ಸ್ಟಡ್ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಆ ಕಾಲದ ಬುಲೆಟ್ಟಿನಲ್ಲಿ ಇಂಗ್ಲೆಂಡಿನ ಇಂಚಿನ ಥ್ರೆಡ್ ಇರುತ್ತದೆ. ಕಣ್ಣಳತೆಯಲ್ಲಿ ಮಿಲಿಮೀಟರ್ ನಟ್ ಹಾಕಿದರೆ ಮೂರು ಸುತ್ತು ಚೆನ್ನಾಗಿ ಹೋಗಿ ನಾಲ್ಕನೇದಕ್ಕೆ ಕಚ್ಚಿಕೊಳ್ಳುತ್ತದೆ. ಪಾನಾನೂ (ಸ್ಪ್ಯಾನರ್) ಅಷ್ಟೇ. ಸಡಿಲ ಪಾನಾ ಹಾಕಿ ನಟ್ಟಿನ ಮೂಲೆ ಸವೆಸಿ ಆಮೇಲೆ ಚಿಸೆಲ್ ಹಿಡಿದವರನ್ನು ಬಹಳ ನೋಡಿದ್ದೇನೆ.

ಸ್ಟಡ್ ಬಿಚ್ಚುವ ಹಿಂದಿನ ರಾತ್ರಿ ಎರಡೂ ನಟ್ಟಿಗೆ ಡೀಸೆಲ್ ಬಿಡಿ. ಇಂಜಿನ್ನಿನ ಹೊಟ್ಟೆಗೆ ಒಂದು ಮರದ ತುಂಡು ಆಸರೆ ಕೊಡಿ, ಬರೀ ತಾಗುವಷ್ಟು. ಆಮೇಲೆ ಹಳೇ ಸ್ಟಡ್ಡನ್ನು ಪೂರ್ತಿ ಎಳೆದು ತೆಗೆಯಬೇಡಿ. ಹೊಸದರ ತುದಿಯನ್ನು ಹಳೇದರ ತುದಿಗೆ ಹಚ್ಚಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಹೊಸದು ಒಳಗೆ ಹೋದ ಹಾಗೆ ಹಳೇದು ಆಚೆ ಬರುತ್ತದೆ. ಮಧ್ಯದಲ್ಲಿ ತೂತು ಖಾಲಿ ಬಿಟ್ಟರೆ ಪ್ಲೇಟು ಒಂದು ಕೂದಲಿನಷ್ಟು ಸರಿಯುತ್ತದೆ, ಅದನ್ನು ಮತ್ತೆ ಕೂಡಿಸುವುದರಲ್ಲಿ ಭಾನುವಾರ ಮುಗಿದು ಹೋಗುತ್ತದೆ.

ಮೇಲಿನ ಕ್ಲ್ಯಾಂಪಿಗೆ ಸೈಕಲ್ ಟ್ಯೂಬಿನ ಒಂದೇ ಪದರ ಸುತ್ತಿ. ಬಣ್ಣ ಉಳಿಯಲಿ ಅಂತ ಮೂರು ನಾಲ್ಕು ಪದರ ಸುತ್ತಿದರೆ ರಬ್ಬರ್ ಕುಗ್ಗಿ ಕ್ಲ್ಯಾಂಪ್ ಜಾರುತ್ತದೆ. ಬೋಲ್ಟಿನ ತಲೆ ಮೇಲೆ 8.8 ಅಂತ ಅಂಕಿ ಇರಲಿ, ಅದು ಗಟ್ಟಿತನದ ಗುರುತು. ನಟ್ ನೈಲಾಕ್ ಆಗಿರಲಿ, ಅಂದರೆ ಸಡಿಲಾಗದ ಹಾಗೆ ಒಳಗೆ ನೈಲಾನ್ ಬಳೆ ಇರುವಂಥದ್ದು. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಕೂಡಿಸಿ, ಆಮೇಲೆ ಪಾನಾ. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಎಳೆದು ಸೇರಿಸಿದರೆ ಆ ಎಳೆತ ಪೈಪಿನಲ್ಲೇ ಉಳಿಯುತ್ತದೆ. ಒಂಟಿ ಸಿಲಿಂಡರಿನ ನಡುಕಕ್ಕೆ ಅದು ಒಂದು ದಿನ ವೆಲ್ಡಿಂಗ್ ಹತ್ತಿರ ಸೀಳುತ್ತದೆ.

ಪೂರ್ತಿ ಬಿಗಿಯುವ ಮುಂಚೆ ಗಾಡಿಯ ಸುತ್ತ ಒಂದು ಸಲ ಕೂತು ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಗೆಳೆಯರೊಬ್ಬರು ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಒತ್ತಲಿ, ಮಡ್‌ಗಾರ್ಡ್ ಎಲ್ಲೂ ತಾಗಬಾರದು. ಬಲಗಡೆ ಸೈಲೆನ್ಸರಿನ ಬೆಂಡ್ ಪೈಪಿಗೂ ಗಾರ್ಡಿಗೂ ಒಂದು ಬೆರಳು ಸಂದು ಇರಲಿ. ಟ್ಯಾಪೆಟ್ ಮುಚ್ಚಳ ಬಿಚ್ಚಲು ಕೈ ಹೋಗುತ್ತದೆಯಾ? ಹೋಗದಿದ್ದರೆ ಪ್ರತಿ ಸಲ ಟ್ಯಾಪೆಟ್ ಹಿಡಿಯಲು (ವಾಲ್ವಿನ ಸಂದು ಸರಿಮಾಡಲು) ಗಾರ್ಡ್ ಬಿಚ್ಚುತ್ತಾ ಕೂಡಬೇಕು. ಅಗಲ ನೋಡಲು ಒಂದು ಉದ್ದ ಮರದ ಪಟ್ಟಿ ಸಾಕು. ಅದನ್ನು ಹ್ಯಾಂಡಲಿನ ತುದಿಗೂ ಗಾರ್ಡಿನ ಹೊರಮೈಗೂ ತಾಗಿಸಿ ಹಿಡಿಯಿರಿ. ಬ್ರೇಕ್ ಪೆಡಲು, ಇಂಜಿನ್ ಕವರ್ ಎರಡೂ ಆ ಪಟ್ಟಿಯ ಒಳಗೆ ಉಳಿದರೆ ಗಾಡಿ ಬಿದ್ದಾಗ ನೆಲ ಅವಕ್ಕೆ ತಾಗುವುದಿಲ್ಲ. ಹ್ಯಾಂಡಲಿಗಿಂತ ಅಗಲ ಗಾರ್ಡ್ ಬೇಡವೇ ಬೇಡ. ಗಣಪತಗಲ್ಲಿಯಲ್ಲಿ ಸಂತೆ ಹೊತ್ತಿಗೆ ಒಂದು ಸಲ ಓಡಿಸಿದರೆ ಗೊತ್ತಾಗುತ್ತದೆ.

ಗಾರ್ಡಿಗೆ ಎರಡು ಫಾಗ್ ಲೈಟ್ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಹಳೇ 6 ವೋಲ್ಟಿನ ಗಾಡಿಯಾದರೆ ಅದನ್ನು ಬಿಟ್ಟುಬಿಡಿ. ಇದ್ದ ಹೆಡ್‌ಲೈಟೇ ಚಿಮಣಿ ದೀಪದ ಹಾಗೆ ಉರಿಯುತ್ತಿರುತ್ತದೆ.

ಚಾಸಿಗೆ ವೆಲ್ಡಿಂಗ್, ತೂತು ಬೇಡ ಅಂತ ನಾನು ಹಟ ಹಿಡಿಯಲು ಇನ್ನೊಂದು ಕಾರಣವಿದೆ. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸಲು 2021ರಲ್ಲಿ ನಿಯಮ ಬಂತು. ಆ ನೋಂದಣಿ ಆದರೆ ದಿನನಿತ್ಯ ಓಡಿಸುವಂತಿಲ್ಲ, ಅದಕ್ಕೇ ನಾನು ಮಾಡಿಸಿಲ್ಲ. ಮುಂದೆ ಮಗನಿಗೆ ಬೇಕಾಗಬಹುದು. ಅವನು ನಾಲ್ಕು ಬೋಲ್ಟ್ ಬಿಚ್ಚಿ ಪಕ್ಕಕ್ಕಿಟ್ಟರೆ ಅಜ್ಜನ ಗಾಡಿ ಇದ್ದ ಹಾಗೇ ಸಿಗಬೇಕು.

ಇನ್ನು ಬ್ಯಾಗು. ಅಥಣಿ ಕಡೆ ಚಪ್ಪಲಿ ಹೊಲಿಯುವ ಒಬ್ಬರ ಕೈಯಲ್ಲಿ ನಾನು ಎಮ್ಮೆ ಚರ್ಮದ್ದು ಹೊಲಿಸಿದೆ. ಕೊಲ್ಹಾಪುರಿ ಅಂತ ಜಗತ್ತೆಲ್ಲ ಕರೆಯುವ ಚಪ್ಪಲಿಯ ಜಿಐ (ಭೌಗೋಳಿಕ ಸೂಚಕ) ಗುರುತು ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಆ ಚರ್ಮ ಗಟ್ಟಿ. ಬ್ಯಾಗಿಗೆ ಬೇಕಾದದ್ದೂ ಅದೇ, ಏಕೆಂದರೆ ಮೆತ್ತನೆಯ ಚರ್ಮ ತುಂಬಿದ ಕೂಡಲೇ ಹೊಟ್ಟೆ ಬಿಟ್ಟು ಗಾಲಿಯ ಕಡ್ಡಿಗೆ ಹೋಗುತ್ತದೆ. ಬೆನ್ನಿಗೆ ಒಂದು ತೆಳು ಪ್ಲೈವುಡ್ ಹಲಗೆ ಸೇರಿಸಿ ಹೊಲಿಯಲು ಹೇಳಿ. ಕ್ಯಾನ್ವಾಸ್ ಬ್ಯಾಗೂ ನಡೆಯುತ್ತದೆ, ಹಗುರ, ಬೇಗ ಒಣಗುತ್ತದೆ. ನನಗೆ ಚರ್ಮದ ಮೇಲೆ ಪ್ರೀತಿ, ಅಷ್ಟೇ.

ಬರೀ ಬೆಲ್ಟಿನಲ್ಲಿ ಸೀಟಿನ ಮೇಲಿಂದ ಜೋತುಬಿಡಬೇಡಿ. ಎರಡೂ ಕಡೆ ಸ್ಟೇ, ಅಂದರೆ ಬ್ಯಾಗನ್ನು ಹಿಡಿಯುವ ಕಂಬಿ, ಬೇಕು. 10 ಮಿ.ಮೀ. ರಾಡನ್ನು ಚೌಕಟ್ಟಿನ ಹಾಗೆ ಬಗ್ಗಿಸಿ, ಮೇಲ್ತುದಿಯನ್ನು ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿಗೆ, ಕೆಳತುದಿಯನ್ನು ಹಿಂದಿನ ಫುಟ್‌ರೆಸ್ಟಿನ ಬೋಲ್ಟಿಗೆ ಹಾಕಿ. ಮೇಲೆ ಒಂದು ಎಚ್ಚರ ಬೇಕು. ಸ್ಟೇ ಪಟ್ಟಿ ಶಾಕಿನ ಬುಶ್ಶನ್ನು ಹಿಸುಕಬಾರದು. ನಡುವೆ ವಾಶರ್ ಕೊಟ್ಟು ಬಿಗಿದು, ಗಾಡಿ ಕುಪ್ಪಳಿಸಿ ನೋಡಿ. ಶಾಕ್ ಮೊದಲಿನ ಹಾಗೇ ಆಡಬೇಕು. ಆಮೇಲೆ ಮನೆಯಲ್ಲಿ ಅತಿ ತೂಕದವರನ್ನು ಕೂರಿಸಿ, ಬ್ಯಾಗು ತುಂಬಿಸಿ, ಗಾಲಿ ಕೈಯಿಂದ ತಿರುಗಿಸಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಕಾಕಾ ಇದ್ದಾರೆ, ಚಹಾ ಕೊಟ್ಟರೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ.

ಎಡಗಡೆ ಸೀರೆ ಗಾರ್ಡ್ ತೆಗೆದು ಬ್ಯಾಗು ಹಾಕುವವರಿದ್ದಾರೆ. ತೆಗೆಯಬೇಡಿ. ಹಿಂದಿನ ಗಾಲಿಯ ಅರ್ಧಕ್ಕಾದರೂ ಮರೆ ಇರಬೇಕು ಅಂತ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಬ್ಯಾಗು ಮನೆಯಲ್ಲಿಟ್ಟು ಹೊರಟ ದಿನವೇ ಅಕ್ಕ ಹಿಂದೆ ಕೂರುತ್ತಾಳೆ. ಸ್ಟೇಯನ್ನು ಸೀರೆ ಗಾರ್ಡಿನ ಹೊರಗೆ ಬರುವ ಹಾಗೆ ಅಳತೆ ಮಾಡಿ. ಚೈನೂ ಎಡಗಡೆಗೇ ಇದೆ. ಚೈನು ಬಿಗಿಯಲು, ಬ್ರೇಕ್ ರಾಡ್ ತಿರುಗಿಸಲು ಕೈ ಹೋಗಬೇಕು.

ಬಲಗಡೆ ಇರುವುದು ಸೈಲೆನ್ಸರು. ನಾನು ಸೋತಿದ್ದು ಇಲ್ಲೇ. ಎರಡೂ ಬ್ಯಾಗು ಒಂದೇ ಮಟ್ಟದಲ್ಲಿರಲಿ, ನೋಡಲು ಚೆಂದ ಅಂತ ಬಲಗಡೆಯದನ್ನೂ ಕೆಳಗೇ ಇಟ್ಟೆ. ಖಾಲಿ ಇದ್ದಾಗ ಸೈಲೆನ್ಸರಿಗೂ ಅದಕ್ಕೂ ಎರಡು ಬೆರಳು ಸಂದಿತ್ತು. ಗೋಕಾಕಿಗೆ ತಂಗಿಯ ಮನೆಗೆ ಹೊರಟಾಗ ಅದರಲ್ಲಿ ಅವಳಿಗೆಂದು ತಂದ ಇಳಕಲ್ ಸೀರೆ, ಅದರ ಮೇಲೆ ಅವ್ವ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಭಾರಕ್ಕೆ ತಳ ಇಳಿಯಿತು. ಸುಟ್ಟ ವಾಸನೆ ಬಂದಾಗ ಕ್ಲಚ್ ಪ್ಲೇಟ್ ಹೋಯಿತೇನೋ ಅಂದುಕೊಂಡು ಇನ್ನೂ ಹತ್ತು ಕಿಲೋಮೀಟರ್ ಓಡಿಸಿದೆ. ತಂಗಿ ಸೀರೆ ಬಿಚ್ಚಿದಾಗ ಸೆರಗಿನಲ್ಲಿ ಅಂಗೈ ಅಗಲ ಕಂದು ಕಲೆ. ಅವಳು ಏನೂ ಅನ್ನಲಿಲ್ಲ. ಅವ್ವ ಅಂದಳು.

ಈಗ ಬಲಗಡೆ ಬ್ಯಾಗು ಚಿಕ್ಕದು, ನಾಲ್ಕು ಬೆರಳು ಮೇಲೆ. ಆ ಅಳತೆಯನ್ನು ಬ್ಯಾಗು ತುಂಬಿದ ಮೇಲೆ, ಹಿಂದೆ ಒಬ್ಬರನ್ನು ಕೂರಿಸಿ ತೆಗೆಯಬೇಕು. ಸೈಲೆನ್ಸರ್ ಕಡೆಗೆ ಸ್ಟೇಗೆ ಒಂದು ಅಲ್ಯೂಮಿನಿಯಂ ತಗಡು ಹಾಕಿದ್ದೇನೆ. ತಗಡನ್ನು ಬ್ಯಾಗಿಗೆ ಅಂಟಿಸಿದರೆ ಉಪಯೋಗವಿಲ್ಲ, ಬಿಸಿ ನೇರ ದಾಟುತ್ತದೆ. 10 ಮಿ.ಮೀ. ಸ್ಪೇಸರ್ ಕೊಟ್ಟು ಮಧ್ಯೆ ಗಾಳಿ ಆಡಲು ಬಿಡಬೇಕು. ಕಿಕ್ಕರ್ ಕೂಡ ಬಲಗಡೆಗೇ. ಅದನ್ನು ಪೂರ್ತಿ ಕೆಳಗೆ ಒತ್ತಿ ನೋಡಿ, ಹಿಮ್ಮಡಿ ಬ್ಯಾಗಿಗೆ ಬಡಿಯಬಾರದು.

ತುಂಬುವಾಗ ಒಂದೊಂದು ಕಡೆಗೆ ಐದು ಕಿಲೋ ಮೇಲೆ ನಾನು ಹಾಕುವುದಿಲ್ಲ. ಭಾರದ್ದು ತಳಕ್ಕೆ, ಸವಾರನ ಕಡೆಗೆ. ಪಾನಾ ಗಂಟು ಎಡಕ್ಕೆ, ನೀರಿನ ಬಾಟಲಿ ಬಲಕ್ಕೆ, ಹೀಗೆ ಸಮ ಮಾಡಿಕೊಳ್ಳಿ. ಹಿಂದಿನ ಟೈರಿಗೆ ಎರಡು ಮೂರು ಪೌಂಡ್ ಗಾಳಿ ಜಾಸ್ತಿ ಹೊಡೆಸಿ.

ಚರ್ಮಕ್ಕೆ ಮಳೆಗಾಲದ ಮುಂಚೆ ಔಡಲೆಣ್ಣೆ ತಿಕ್ಕಿ, ಒಂದು ದಿನ ನೆರಳಲ್ಲಿ ಬಿಡಿ. ಮನೆಯಲ್ಲಿದೆ ಅಂತ ಕುಸುಬಿ ಎಣ್ಣೆ ಹಚ್ಚಬೇಡಿ, ಒಣಗುತ್ತಾ ಅಂಟಂಟಾಗುತ್ತದೆ. ಜುಲೈನಲ್ಲಿ ಚೋರ್ಲಾ ಘಾಟ್ ಕಡೆ ಹೋಗುವುದಾದರೆ ಯಾವ ಎಣ್ಣೆಯೂ ಸಾಲದು. ತೊಳೆದ ಗೊಬ್ಬರದ ಚೀಲವನ್ನು ಒಳಗೆ ಹಾಕಿ, ಬಾಯಿ ಕಟ್ಟಿ, ಮೇಲೆ ಮುಚ್ಚಳ ಮುಚ್ಚಿ. ಮನೆಗೆ ಬಂದ ಮೇಲೆ ಬ್ಯಾಗು ಬಾಯಿ ತೆರೆದು ತೂಗುಹಾಕಿ, ಇಲ್ಲದಿದ್ದರೆ ವಾರದಲ್ಲಿ ಬೂಸ್ಟು ಬರುತ್ತದೆ. ಬಿಸಿಲಿಗೆ ಇಟ್ಟರೆ ಚರ್ಮ ಸೀಳುತ್ತದೆ.

ಮೊದಲ ಸವಾರಿ ದೂರ ಬೇಡ. ನಾನು ಖಾನಾಪುರದವರೆಗೆ ಹೋಗಿ ಬಂದೆ, ಹೋಗಿ ಬರುವುದು 50 ಕಿಲೋಮೀಟರಿನ ಆಸುಪಾಸು. ಹೊರಡುವ ಮುಂಚೆ ಪ್ರತಿ ನಟ್ಟಿನ ಮೇಲಿಂದ ಪಟ್ಟಿಯ ಮೇಲಕ್ಕೆ ಅಕ್ಕನ ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆದಿದ್ದೆ. ಬಂದು ನೋಡಿದರೆ ಮೇಲಿನ ಕ್ಲ್ಯಾಂಪಿನ ಎಡಗಡೆ ನಟ್ಟಿನಲ್ಲಿ ಗೆರೆ ತುಂಡಾಗಿತ್ತು. ರಬ್ಬರ್ ಕುಗ್ಗಿತ್ತು. ಅರ್ಧ ಸುತ್ತು ಬಿಗಿದು ಹೊಸ ಗೆರೆ ಎಳೆದೆ. 500 ಕಿಲೋಮೀಟರಿಗೆ ಇನ್ನೊಮ್ಮೆ ನೋಡಿದಾಗ ಎಲ್ಲ ಗೆರೆ ನೆಟ್ಟಗಿದ್ದವು.