ಎಕ್ಸ್‌ಪಿ ಇರಲಿ, ನೆಟ್‌ವರ್ಕ್ ವೈರ್ ಬೇಡ

ಚಿಕ್ಕಮಗಳೂರಿನ ಸುತ್ತಮುತ್ತ ಅಂಗಡಿ, ಎಸ್ಟೇಟ್ ಆಫೀಸು, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ಕಡೆಯೆಲ್ಲ ಹಳೇ ವಿಂಡೋಸ್ ಸಿಗುತ್ತದೆ. ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟಬೇಕು ಅನ್ನುತ್ತಾರೆ. ಎಲ್ಲ ಎಸೆದು ಹೊಸದು ತನ್ನಿ ಅನ್ನುವವರಿಗಿಂತ ಇವರ ಮಾತೇ ನನಗೆ ಒಪ್ಪಿಗೆ. ಆದರೆ ಒಂದು ಷರತ್ತಿದೆ. ಹಳೆಯದು ಒಂಟಿಯಾಗಿರಬೇಕು.

ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪರಿಸ್ಥಿತಿ ಹೀಗಿತ್ತು. ಲಾರಿ ತೂಗುವ ವೇ ಬ್ರಿಡ್ಜ್ ಕೋಣೆಯಲ್ಲಿ ವಿಂಡೋಸ್ ಎಕ್ಸ್‌ಪಿ, ಲೆಕ್ಕ ಬರೆಯುವ ಟ್ಯಾಲಿಗೆ ವಿಂಡೋಸ್ 7, ಮ್ಯಾನೇಜರ್ ಹತ್ತಿರ ವಿಂಡೋಸ್ 10. ಎಲ್ಲವೂ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಸೇರಿದ್ದವು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ನಿಂತರೆ ಕಂಪ್ಯೂಟರ್ ಏನೂ ನಿಲ್ಲುವುದಿಲ್ಲ. ಹೊಸದಾಗಿ ಸಿಕ್ಕ ತೂತುಗಳನ್ನು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ಆ ತೂತು ಕಳ್ಳರಿಗೆಲ್ಲ ಗೊತ್ತಾದ ಮೇಲೂ ನಮ್ಮಲ್ಲಿ ಹಾಗೇ ಇರುತ್ತದೆ.

“ಆಂಟಿವೈರಸ್‌ಗೆ ವರ್ಷಾ ವರ್ಷಾ ದುಡ್ಡು ಕಟ್ತೀನಲ್ಲಪ್ಪಾ, ಸಾಲದಾ?” ಅಂದರು ಯಜಮಾನರು.

“ಸಾಲಲ್ಲ ಸಾರ್” ಅಂದೆ. 2017ರ ಮೇ ತಿಂಗಳ ವಾನ್ನಾಕ್ರೈ ಅನ್ನುವ ವೈರಸ್ಸಿನ ಕಥೆ ಹೇಳಿದೆ. ಅದು ಯಾರೂ ಏನೂ ಕ್ಲಿಕ್ ಮಾಡದೆಯೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾರುತ್ತಿತ್ತು. ದಾರಿ, ಫೈಲ್ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ 1 ಅನ್ನುವ ಹಳೇ ವ್ಯವಸ್ಥೆ. ಫೈಲುಗಳಿಗೆಲ್ಲ ಬೀಗ ಹಾಕಿ, ಬಿಚ್ಚಲು 300 ಡಾಲರ್ ಬಿಟ್‌ಕಾಯಿನ್ ಕೇಳುತ್ತಿತ್ತು. ಅದನ್ನು ತಡೆಯುವ ಅಪ್‌ಡೇಟ್, ಬೆಂಬಲ ಇದ್ದ ವಿಂಡೋಸ್‌ಗಳಿಗೆ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಈ ಆಫೀಸಿನಲ್ಲೂ ಎಸ್‌ಎಂಬಿ 1 ಆನ್ ಆಗಿತ್ತು. ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ ಅದು ತಾನಾಗಿ ಇರುವುದಿಲ್ಲ. ಎಕ್ಸ್‌ಪಿಯ ಫೋಲ್ಡರ್ ಕಾಣಲಿ ಅಂತ ಯಾರೋ ಹಾಕಿಕೊಟ್ಟಿದ್ದರು. ನೋಡಿ, ಹಳೆಯದೊಂದಕ್ಕಾಗಿ ಹೊಸದರ ಬಾಗಿಲನ್ನೂ ತೆರೆದಿಟ್ಟ ಹಾಗಾಯ್ತಲ್ವಾ? ನನ್ನ ಪ್ರಕಾರ ಜಾಸ್ತಿ ಅಪಾಯ ಇದೇ.

ಕೆಲಸ ಮಳೆಗಾಲದಲ್ಲಿ ಮಾಡಿದೆ. ಕೊಯ್ಲು ಮುಗಿದು ಲಾರಿಗಳು ಬರುತ್ತಿದ್ದ ಹೊತ್ತಿನಲ್ಲಿ ವೇ ಬ್ರಿಡ್ಜ್ ಮುಟ್ಟಿದರೆ ನನ್ನನ್ನು ಗೇಟಿನಾಚೆ ಕಳಿಸುತ್ತಿದ್ದರು.

ಮೊದಲು ಬ್ಯಾಕಪ್. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ವಾರ ಬಿಟ್ಟು ವಾರ. ಕಾಪಿ ಆದ ಕೂಡಲೇ ವೈರ್ ತೆಗೆದು ಬೀರುವಿಗೆ. ಚುಚ್ಚಿಯೇ ಬಿಟ್ಟ ಡಿಸ್ಕಿಗೂ ವಾನ್ನಾಕ್ರೈನಂಥದ್ದರ ಬೀಗ ಬೀಳುತ್ತದೆ. ಟ್ಯಾಲಿ ಡೇಟಾವನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಲೆಡ್ಜರ್ ತೆರೆದು ನೋಡಿದ ಮೇಲೆಯೇ ಮುಂದಕ್ಕೆ ಹೋದೆ.

ದುಡ್ಡು ಖರ್ಚಾದದ್ದು ಟ್ಯಾಲಿ ಕಂಪ್ಯೂಟರಿಗೆ. ಬ್ಯಾಂಕ್, ಜಿಎಸ್‌ಟಿ, ಮೇಲ್ ಎಲ್ಲ ಅದರಲ್ಲೇ. ವಿಂಡೋಸ್ 7ಕ್ಕೆ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತುಹೋಗಿದೆ. ಆ ಮಷಿನ್‌ನ ಪ್ರೊಸೆಸರ್ ವಿಂಡೋಸ್ 11ಕ್ಕೆ ಸಲ್ಲದಷ್ಟು ಹಳೆಯದು, ಅದು ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೂಡ ಇರಲಿಲ್ಲ. ಹಾಗಾಗಿ ಹೊಸದೇ ತಂದೆವು. ಮ್ಯಾನೇಜರ್ ಮಷಿನ್ ಅರ್ಹವಾಗಿತ್ತು, ವಿಂಡೋಸ್ 11ಕ್ಕೆ ಏರಿಸಿದೆ. ಏರಿಸಲಾಗದ ವಿಂಡೋಸ್ 10 ಇದ್ದರೆ ವ್ಯವಹಾರಗಳಿಗೆ ಹಣ ಕೊಟ್ಟು ಮೂರು ವರ್ಷದವರೆಗೆ ಅಪ್‌ಡೇಟ್ ಪಡೆಯುವ ಅವಕಾಶವಿದೆ. ದರ ವರ್ಷ ವರ್ಷ ಎರಡು ಪಟ್ಟಾಗುತ್ತದೆ. ಹಾಗಾಗಿ ಅದನ್ನು ತಾತ್ಕಾಲಿಕ ದಾರಿ ಅಂತಲೇ ನೋಡುತ್ತೇನೆ.

ಎಕ್ಸ್‌ಪಿಯನ್ನು ಬದಲಿಸಲಿಲ್ಲ. ತೂಕದ ಸಾಫ್ಟ್‌ವೇರ್ ಅದರಲ್ಲಿ ಮಾತ್ರ ಓಡುತ್ತದೆ, ತೂಕ ತೋರಿಸುವ ಇಂಡಿಕೇಟರ್ ಅದರ ಹಳೇ ಸೀರಿಯಲ್ ಪೋರ್ಟಿಗೆ ಕೂರುತ್ತದೆ. ನೆಟ್‌ವರ್ಕ್ ವೈರ್ ಕಿತ್ತೆ, ಪೆನ್ ಡ್ರೈವ್ ಬೇಡ ಅಂದೆ. ತೂಕದ ಚೀಟಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಹೇಗೂ ಬರುತ್ತದೆ, ಗುಮಾಸ್ತರು ಅದನ್ನು ನೋಡಿಯೇ ಟ್ಯಾಲಿಗೆ ಹಾಕುತ್ತಿದ್ದರು. ವೈರ್ ಇದ್ದದ್ದು ಯಜಮಾನರು ತಮ್ಮ ಕೋಣೆಯಿಂದ ತೂಕ ನೋಡಲಿ ಅಂತ. ಈಗ ಚೀಟಿಯ ಫೋಟೋ ವಾಟ್ಸಾಪ್‌ಗೆ ಹೋಗುತ್ತದೆ. ಆಮೇಲೆ ಉಳಿದ ಕಂಪ್ಯೂಟರುಗಳಲ್ಲಿ ಎಸ್‌ಎಂಬಿ 1 ಆಫ್ ಮಾಡಿದೆ.

ಇನ್ನು ಎಕ್ಸ್‌ಪಿಗಿರುವ ಭಯ ಹಾರ್ಡ್‌ವೇರ್‌ನದು. ಅದರ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿ ಇನ್ನೊಂದು ಡಿಸ್ಕಲ್ಲಿ ಇಟ್ಟಿದ್ದೇವೆ. ಮದರ್‌ಬೋರ್ಡ್ ಹೋದರೆ ವೇ ಬ್ರಿಡ್ಜ್ ಕಂಪನಿಯವರಿಂದ ಹೊಸ ಸಾಫ್ಟ್‌ವೇರ್ ತರಿಸಲೇಬೇಕು. ಅದರ ಕೊಟೇಶನ್ ಈಗಲೇ ತರಿಸಿಟ್ಟುಕೊಳ್ಳಿ ಅಂತ ಯಜಮಾನರಿಗೆ ಹೇಳಿದ್ದೇನೆ.