ಮೆಚ್ಚಿದ ಪುಸ್ತಕದ ಮಾತು: ಓದುಗರ ಕೂಟವನ್ನು ನಡೆಸುವ ಬಗೆ

ಮೆಚ್ಚಿದ ಪುಸ್ತಕಗಳ ಬಗ್ಗೆ ಮಾತನಾಡಲು ನಮ್ಮ ಕಡೆ ಹತ್ತು ಜನರನ್ನು ಕೂಡಿಸುವುದು ಕಷ್ಟವಲ್ಲ. ಕೂಡಿದವರು "ಭಾಳ ಚಲೋ ಪುಸ್ತಕರೀ, ಎಲ್ಲಾರೂ ಓದಬೇಕು" ಎಂದಷ್ಟೇ ಹೇಳಿ ಕೈಬಿಡದಂತೆ, ಅಥವಾ ಇಡೀ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿಬಿಡದಂತೆ ನೋಡಿಕೊಳ್ಳುವುದೇ ಕಷ್ಟ. ಮೊದಲನೆಯದರಿಂದ ಕೇಳುಗರಿಗೆ ಏನೂ ತಿಳಿಯುವುದಿಲ್ಲ. ಎರಡನೆಯದರಿಂದ ಎಲ್ಲ ತಿಳಿದು, ಪುಸ್ತಕವನ್ನು ಓದುವ ಅಗತ್ಯವೇ ಉಳಿಯುವುದಿಲ್ಲ.

ಇದಕ್ಕೆ ತಕ್ಕ ಕ್ರಮವೊಂದು ಗದುಗಿನ ಪರಂಪರೆಯಲ್ಲಿಯೇ ಇದೆ. ವೀರನಾರಾಯಣನ ಗುಡಿಯ ಸನ್ನಿಧಿಯಲ್ಲಿ ಕುಮಾರವ್ಯಾಸನು ರಚಿಸಿದನೆಂದು ಜನ ನಂಬಿರುವ ಭಾರತವು, ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿಯೂ ಊರೂರುಗಳನ್ನು ಮುಟ್ಟಿದ್ದು ಗಮಕದ ಮೂಲಕ. ಅಲ್ಲಿ ವಾಚನಕಾರರು ಮೊದಲು ಪದ್ಯವನ್ನು ರಾಗವಾಗಿ ಓದುತ್ತಾರೆ. ಆಮೇಲೆ ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಕೇಳುಗರ ಕಿವಿಗೆ ಮೊದಲು ಬೀಳುವುದು ಕವಿಯ ಮಾತೇ ಹೊರತು ಅದರ ಮೇಲಿನ ಅಭಿಪ್ರಾಯವಲ್ಲ. ನಿಮ್ಮ ಕೂಟದಲ್ಲಿಯೂ ಇದೇ ಕ್ರಮವನ್ನು ಹಿಡಿಯಿರಿ: ಪ್ರತಿಯೊಬ್ಬರೂ ಮೊದಲು ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಲಿ, ನಂತರ ಅದನ್ನು ಏಕೆ ಮೆಚ್ಚಿದೆನೆಂದು ಹೇಳಲಿ.

ಹೀಗಾಗಿ ಬರುವವರಿಗೆ ವಾರ ಮೊದಲೇ ತಿಳಿಸಬೇಕಾದದ್ದು ಪುಟದ ಆಯ್ಕೆಯ ವಿಷಯ. ಒಂದು ಪುಟವನ್ನು ನಿಧಾನವಾಗಿ ಓದಲು ಸುಮಾರು ಎರಡು ನಿಮಿಷ ಸಾಕು. ಪುಸ್ತಕದ ಅತ್ಯಂತ ಪ್ರಸಿದ್ಧ ಭಾಗವನ್ನೇ ಆರಿಸಬೇಕಾಗಿಲ್ಲ. ಹಿಂದುಮುಂದಿನ ಸಂದರ್ಭವನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಅರ್ಥವಾಗುವಂಥ ಮತ್ತು ಓದುಗರು ತಾವಾಗಿಯೇ ಎರಡನೆಯ ಸಲ ತೆರೆದು ನೋಡಿದ ಪುಟವಾದರೆ ಒಳ್ಳೆಯದು. ಪತ್ತೇದಾರಿ ಕಾದಂಬರಿಯಾದರೆ ಮೊದಲ ಮೂರನೆಯ ಒಂದು ಭಾಗದಾಚೆಗಿನ ಪುಟ ಬೇಡ. ಕವಿತೆಯನ್ನು ಎರಡು ಸಲ ಓದಿಸಿ, ಒಮ್ಮೆ ನಾದಕ್ಕೆ, ಇನ್ನೊಮ್ಮೆ ಅರ್ಥಕ್ಕೆ. ಧಾರವಾಡದ ಆಡುಮಾತನ್ನು ಕಾವ್ಯಕ್ಕೆ ತಂದ ಬೇಂದ್ರೆಯವರ ಕವಿತೆಯಂತೂ ಬಾಯಲ್ಲಿ ನುಡಿಯದ ಹೊರತು ಅರ್ಧ ಮಾತ್ರ ದಕ್ಕುತ್ತದೆ. ನಾಟಕವಾದರೆ ಪಕ್ಕದಲ್ಲಿ ಕುಳಿತವರಿಗೆ ಒಂದು ಪಾತ್ರವನ್ನು ವಹಿಸಿಕೊಡಬಹುದು. ಕೃಷಿಯ ಪುಸ್ತಕವನ್ನೋ ಅಡುಗೆಯ ಪುಸ್ತಕವನ್ನೋ ತಂದವರನ್ನು ಯಾವ ಕಾರಣಕ್ಕೂ ಹಿಂದೆ ಸರಿಸಬೇಡಿ. ಜೋಳದ ಬಿತ್ತನೆಯ ಬಗ್ಗೆ ಚೊಕ್ಕಟವಾಗಿ ಬರೆದ ಒಂದು ಪುಟಕ್ಕೆ ಅನೇಕ ಕಾದಂಬರಿಗಳಲ್ಲಿ ಕಾಣದ ಬಿಗಿ ಇರುತ್ತದೆ.

ಓದು ಮುಗಿದ ಮೇಲೆ "ಏಕೆ" ಎಂಬ ಪ್ರಶ್ನೆ ಬರುತ್ತದೆ, ಮತ್ತು ಹೆಚ್ಚಿನವರು ತಡವರಿಸುವುದು ಇಲ್ಲಿಯೇ. "ಭಾಷೆ ಸೊಗಸಾಗಿದೆ", "ಮನಸ್ಸಿಗೆ ತಟ್ಟಿತು" ಎಂಬ ಉತ್ತರಗಳು ಸುಳ್ಳಲ್ಲವಾದರೂ ಅವು ಯಾವ ಪುಸ್ತಕಕ್ಕಾದರೂ ಹೊಂದುತ್ತವೆ. ಆಗ ನಡೆಸಿಕೊಡುವವರು ಕೇಳಬೇಕಾದದ್ದು "ಯಾಕ್ರೀ?" ಎಂದಲ್ಲ, "ಎಲ್ಲಿ ಅನಿಸಿತ್ರೀ?" ಎಂದು. ಏಕೆಂದು ಕೇಳಿದರೆ ಮನುಷ್ಯ ಸಮರ್ಥನೆಗೆ ನಿಲ್ಲುತ್ತಾನೆ. ಎಲ್ಲಿ ಎಂದು ಕೇಳಿದರೆ ಪುಟ ತಿರುವುತ್ತಾನೆ. ಯಾವ ಸಾಲು, ಯಾವ ಪಾತ್ರದ ಯಾವ ನಡೆ, ಲೇಖಕರು ಹೇಳದೆ ಬಿಟ್ಟ ಯಾವ ಮಾತು ಎಂಬುದು ಗೊತ್ತಾದ ಕೂಡಲೇ ಕಾರಣ ತಾನಾಗಿಯೇ ಹೊರಬರುತ್ತದೆ. ಇನ್ನು ಕೆಲವರ ಮೆಚ್ಚುಗೆಯ ಕಾರಣ ಪುಸ್ತಕದ ಹೊರಗಿರುತ್ತದೆ: ಅಪ್ಪ ಕೊಡಿಸಿದ್ದು, ಶಾಲೆಯಲ್ಲಿ ಬಹುಮಾನವಾಗಿ ಬಂದದ್ದು, ಆಸ್ಪತ್ರೆಯಲ್ಲಿ ಮಲಗಿದ್ದಾಗ ಓದಿದ್ದು. ಅದನ್ನು ಗೌರವದಿಂದ ಕೇಳಿಸಿಕೊಂಡು, ಪುಸ್ತಕದ ಒಳಗಿನ ಒಂದು ಕಾರಣವನ್ನೂ ಕೇಳಿ. "ಈ ಪುಸ್ತಕ ಯಾರಿಗೆ ಹಿಡಿಸಲಿಕ್ಕಿಲ್ಲ?" ಎಂಬ ಪ್ರಶ್ನೆಯೂ ಉಪಯುಕ್ತ, ಅದಕ್ಕೆ ಉತ್ತರ ಹೇಳುವಾಗ ಹೊಗಳಿಕೆಯ ಅತಿರೇಕ ತಾನಾಗಿಯೇ ಇಳಿಯುತ್ತದೆ.

ಧಾರವಾಡದಲ್ಲಿ ಕಲ್ಲೆಸೆದರೆ ಸಾಹಿತಿಯ ಮನೆಯ ಮೇಲೆ ಬೀಳುತ್ತದೆಂಬ ಮಾತಿದೆ. ಕೂಟ ನಡೆಸುವವರಿಗೆ ಇರುವ ಭಯವೆಂದರೆ ಆ ಮನೆಯವರು ಎದ್ದು ಬಂದು ಅಧ್ಯಕ್ಷತೆ ವಹಿಸುವುದು. ನಿವೃತ್ತ ಪ್ರಾಧ್ಯಾಪಕರು ಮೊದಲು ಮಾತನಾಡಿದರೆ ಮೂಲೆಯಲ್ಲಿ ಕುಳಿತ ಕಾಲೇಜಿನ ಹುಡುಗಿ ತಾನು ತಂದ ಪುಸ್ತಕವನ್ನು ಮೆಲ್ಲಗೆ ಚೀಲದೊಳಗೆ ಸೇರಿಸುತ್ತಾಳೆ. ಆದ್ದರಿಂದ ಸರದಿ ಕಿರಿಯರಿಂದ ಆರಂಭವಾಗಲಿ, ಸನ್ಮಾನ, ಹಾರ, ಸ್ವಾಗತ ಭಾಷಣಗಳು ಇಲ್ಲದಿರಲಿ. ಓದಿಗೂ ಮಾತಿಗೂ ಸೇರಿ ಒಬ್ಬರಿಗೆ ಏಳು ನಿಮಿಷ, ಬಳಿಕ ಪ್ರಶ್ನೆಗಳಿಗೆ ನಾಲ್ಕು ನಿಮಿಷ ಕೊಟ್ಟರೆ ಎಂಟು ಜನರ ಮಾತು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಜನರಾದರೆ ಉಳಿದವರು ಮುಂದಿನ ತಿಂಗಳು ಮಾತನಾಡಲಿ.

ಜಾಗದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ವೇದಿಕೆ ಬೇಡ, ಮೈಕ್ ಬೇಡ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಸಂಸ್ಥೆಯ ಸಭಾಭವನ ದೊಡ್ಡ ಸಭೆಗೆ ಸರಿ. ಆದರೆ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟದಲ್ಲಿ ಧಾರವಾಡದ ಲೇಖಕರ ಹರಟೆ ನಡೆದದ್ದನ್ನು ನೆನೆದರೆ, ಪುಸ್ತಕದ ಮಾತಿಗೆ ಇಕ್ಕಟ್ಟಾದ ಜಾಗವೇ ಹೆಚ್ಚು ಒಗ್ಗುತ್ತದೆಂದು ತಿಳಿಯುತ್ತದೆ. ಮನೆಯ ಪಡಸಾಲೆ, ಗ್ರಂಥಾಲಯದ ಒಂದು ಕೋಣೆ, ಶಾಲೆಯ ವರ್ಗ, ಯಾವುದಾದರೂ ನಡೆದೀತು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಚಿಗರಿ ಎಂಬ ತ್ವರಿತ ಬಸ್ಸು ಇರುವುದರಿಂದ ಅಲ್ಲಿ ಸಂಜೆಯ ಕೂಟ ಸಲೀಸು. ಹಾವೇರಿ, ಗದಗಗಳಲ್ಲಿ ಹಳ್ಳಿಗೆ ಮರಳಬೇಕಾದವರ ಬಸ್ಸಿನ ವೇಳೆಯನ್ನು ಕೇಳಿಕೊಂಡೇ ಸಮಯ ಗೊತ್ತುಮಾಡಬೇಕು. ಗಿರ್ಮಿಟ್, ಮಿರ್ಚಿ ಬಜಿಗಳನ್ನು ಪುಸ್ತಕಗಳೆಲ್ಲ ಚೀಲ ಸೇರಿದ ಮೇಲಷ್ಟೇ ತರಿಸಿ. ಎಣ್ಣೆಗೈಯಿಂದ ಪುಟ ತಿರುವುವವರನ್ನು ತಡೆಯಲು ಬೇರೆ ಉಪಾಯವಿಲ್ಲ.

ಎಲ್ಲರೂ ಮುದ್ರಿತ ಪುಸ್ತಕವನ್ನೇ ತರಬೇಕೆಂಬ ನಿಯಮವನ್ನು ಮಾಡಬಾರದು. ಹಾವೇರಿಯ ಸೀಮೆಯಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನೋ ಸರ್ವಜ್ಞನ ತ್ರಿಪದಿಗಳನ್ನೋ ಕಂಠಪಾಠ ಬಲ್ಲ ಹಿರಿಯರಿದ್ದಾರೆ. ಅಂಥ ಅಜ್ಜಿಯೊಬ್ಬರು ಪದ ಹೇಳಿ, ಅದು ತಮಗೆ ಯಾವ ಹೊತ್ತಿನಲ್ಲಿ ನೆನಪಾಗುತ್ತದೆಂದು ವಿವರಿಸಿದರೆ ಅದೂ ಓದುಗರ ಮಾತೇ. ಹುಬ್ಬಳ್ಳಿಯಲ್ಲಿ ಉರ್ದು, ಮರಾಠಿ ಪುಸ್ತಕಗಳನ್ನು ತರುವವರೂ ಇರುತ್ತಾರೆ. ಅವರು ಮೂಲದ ನಾಲ್ಕು ಸಾಲು ಓದಿ ಕನ್ನಡದಲ್ಲಿ ಮಾತನಾಡಲಿ.

ಭಿನ್ನಾಭಿಪ್ರಾಯ ಬಂದಾಗ, ಒಬ್ಬರ ಮೆಚ್ಚುಗೆಯನ್ನು ಇನ್ನೊಬ್ಬರು ಪ್ರಶ್ನಿಸಬಾರದು, ಪುಸ್ತಕದ ಬಗ್ಗೆ ಅವರು ಹೇಳಿದ್ದನ್ನು ಪ್ರಶ್ನಿಸಬಹುದು. ಅದನ್ನೂ ಅದೇ ಪುಸ್ತಕದ ಇನ್ನೊಂದು ಪುಟವನ್ನು ಓದಿಯೇ ಪ್ರಶ್ನಿಸಬೇಕು.

ಓದಿದ ಪುಟಗಳನ್ನು ಎಲ್ಲರಿಗೂ ಹಂಚುವ ಉತ್ಸಾಹದಲ್ಲಿ ಇಡೀ ಪುಸ್ತಕದ ಪಿಡಿಎಫ್ ಅನ್ನು ವಾಟ್ಸಾಪ್‌ಗೆ ಹಾಕಬೇಡಿ. ಪ್ರಕಟವಾದ ಕೃತಿಯ ಮಿತವಾದ ಭಾಗವೊಂದನ್ನು ಸಭೆಯಲ್ಲಿ ಓದಲು 1957ರ ಕೃತಿಸ್ವಾಮ್ಯ ಕಾಯಿದೆ ಅವಕಾಶ ಕೊಡುತ್ತದೆ, ಆದರೆ ಕೃತಿಯ ಹಕ್ಕು ಲೇಖಕರ ಜೀವಿತಾವಧಿಗೂ ಆಮೇಲಿನ 60 ವರ್ಷಗಳಿಗೂ ಇರುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳು ಈಗ ಎಲ್ಲರ ಸೊತ್ತು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ ಇದೆ.

ಕೊನೆಯದಾಗಿ, ಒಂದು ವಹಿಯನ್ನು ಇಡಿ. ಅದರಲ್ಲಿ ದಿನಾಂಕ, ಪುಸ್ತಕ, ಲೇಖಕರು, ಪ್ರಕಾಶಕರು, ಓದಿದ ಪುಟದ ಸಂಖ್ಯೆ ಇರಲಿ. ಮೆಚ್ಚಿದ ಕಾರಣವನ್ನು ಒಂದೇ ವಾಕ್ಯದಲ್ಲಿ, ಮಾತನಾಡಿದವರ ಬಾಯಿಂದ ಬಂದ ಹಾಗೆಯೇ ಬರೆಯಿರಿ, ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿ. ಪಕ್ಕದ ಕಾಲಂನಲ್ಲಿ ಪುಸ್ತಕವನ್ನು ಎರವಲು ಒಯ್ದವರ ಹೆಸರು ಮತ್ತು ಸಹಿ ಇರಬೇಕು. ಎರವಲು ಒಯ್ದವರಿಗೆ ಮುಂದಿನ ಕೂಟದಲ್ಲಿ ಸರದಿ ಕೊಟ್ಟರೆ ಪುಸ್ತಕ ಅವರೊಂದಿಗೆ ಮರಳಿ ಬರುತ್ತದೆ.