ಈ ಆರ್ಡರ್ ತಗೊಳ್ಳಬೇಕಾ, ಬಿಡಬೇಕಾ?

ನನ್ನದು ಚಿಕ್ಕ ಆಫ್‌ಸೆಟ್ ಪ್ರೆಸ್. ಆರ್ಡರ್ ಬಂದಾಗ ನಾನು ನೋಡುವುದು ಇಷ್ಟೇ: ಇದನ್ನು ತಗೊಂಡರೆ ಹೊಸದಾಗಿ ಎಷ್ಟು ಬರುತ್ತೆ, ಹೊಸದಾಗಿ ಎಷ್ಟು ಹೋಗುತ್ತೆ? ಬಾಡಿಗೆ, ಮಷಿನ್ ಸಾಲದ ಕಂತು, ಕಾಯಂ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಇದ್ದರೂ ಇಲ್ಲದಿದ್ದರೂ ಅವನ್ನು ಕಟ್ಟಲೇಬೇಕು, ಅಲ್ವಾ?

ಪ್ರಿಂಟಿಂಗ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅಚ್ಚಿನ ಪ್ಲೇಟ್ ಮಾಡಿಸಬೇಕು, ಮಷಿನ್‌ಗೆ ಕಟ್ಟಬೇಕು, ಬಣ್ಣ ಹೊಂದಿಸಬೇಕು. ಬಣ್ಣ ಸರಿಯಾಗಿ ಕೂರುವಷ್ಟರಲ್ಲಿ ಒಂದಷ್ಟು ಹಾಳೆ ವೇಸ್ಟ್. 1,000 ಪ್ರತಿ ಹಾಕಿದರೂ 5,000 ಹಾಕಿದರೂ ಈ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಆಮೇಲೆ ಓಡುವ ಪ್ರತಿಗೆ ಕಾಗದ, ಇಂಕು, ಕರೆಂಟು, ಬೈಂಡಿಂಗ್ ಮಾತ್ರ. ಹಾಗಾಗಿ "ಇನ್ನೂ 1,000 ಸೇರಿಸಿದ್ರೆ ರೇಟ್ ಇಳಿಸ್ತೀರಾ?" ಅಂದರೆ ಧಾರಾಳವಾಗಿ ಇಳಿಸುತ್ತೇನೆ. ಪ್ಲೇಟ್ ಬಿಚ್ಚಿದ ಮೇಲೆ ಬಂದು ಅದೇ ರೇಟ್ ಕೇಳಿದರೆ ಆಗುವುದಿಲ್ಲ.

ಮಷಿನ್ ತುಂಬಿದಾಗ ಕಥೆಯೇ ಬೇರೆ. ಇನ್ನೊಂದು ಕೆಲಸ ಹಿಡಿಸಬೇಕು ಅಂದರೆ ರಾತ್ರಿ ಪಾಳಿ, ಓವರ್‌ಟೈಮ್, ಸುಸ್ತಾದ ಕೈಯಿಂದ ಜಾಸ್ತಿ ವೇಸ್ಟ್. ಸರಾಸರಿ ಖರ್ಚು ತೆಗೆದರೆ ಲಾಭ ಅಂತಲೇ ತೋರುತ್ತದೆ. ಆ ಒಂದು ಕೆಲಸದ ಖರ್ಚನ್ನೇ ಬಿಡಿಸಿ ಬರೆದರೆ ಎಷ್ಟೋ ಸಲ ಕೈಯಿಂದ ಹೋಗುತ್ತಿರುತ್ತದೆ. ಅಂಥದನ್ನು ಬಿಟ್ಟುಬಿಡುತ್ತೇನೆ. ಕೊನೆಯ ಆರ್ಡರ್ ತರುವ ಹಣ ಅದರ ಖರ್ಚಿಗೆ ಸಮವಾಗುವ ತನಕ ಹೋಗು, ಅಲ್ಲಿ ನಿಲ್ಲು ಅನ್ನುವ ಈ ಲೆಕ್ಕವನ್ನು ಫ್ರಾನ್ಸಿನ ಗಣಿತಜ್ಞ, ಅರ್ಥಶಾಸ್ತ್ರಜ್ಞ ಕೂರ್ನೊ 1838ರಲ್ಲೇ ಗಣಿತದಲ್ಲಿ ಬರೆದಿಟ್ಟಿದ್ದಾನೆ.

ಡಿಸ್ಕೌಂಟ್ ವಿಷಯದಲ್ಲಿ ಮಾತ್ರ ನಾನು ಜಿಪುಣ. 100ಕ್ಕೆ ಮಾರುವ ಕೆಲಸಕ್ಕೆ ಕಾಗದ ಗೀಗದ ಖರ್ಚು 70 ಅಂದುಕೊಳ್ಳಿ, ಉಳಿಯುವುದು 30. ಸುಮ್ನೆ 10 ಬಿಟ್ಟರೆ ಉಳಿಯುವುದು 20. ಮೊದಲಿನಷ್ಟೇ ಹಣ ಉಳಿಯಬೇಕಾದರೆ ಅರ್ಧದಷ್ಟು ಜಾಸ್ತಿ ಕೆಲಸ ಬರಬೇಕು. ಬರುತ್ತಾ? ನನಗಂತೂ ಬಂದಿಲ್ಲ.

ಕೆಲಸ ಇಲ್ಲದ ದಿನಗಳಲ್ಲಿ ಕಾಗದದ ಖರ್ಚು ಹೋಗಿ ಒಂದಿಷ್ಟು ಬಾಡಿಗೆಗೆ ಆದರೂ ಸಾಕು ಅಂತ ಕಡಿಮೆ ರೇಟಿಗೂ ಹಾಕಿಕೊಡುತ್ತೇನೆ. ವರ್ಷವಿಡೀ ಹಾಗೇ ಮಾಡಿದರೆ ಪ್ರೆಸ್ ಮುಚ್ಚಬೇಕಾಗುತ್ತದೆ, ಅದು ಬೇರೆ ಮಾತು. ಇಲ್ಲೊಂದು ಎಚ್ಚರ ಬೇಕು: ಆ ರೇಟ್ ಹಳೇ ಗಿರಾಕಿಗಳ ಕಿವಿಗೆ ಬಿದ್ದರೆ ಅವರೂ ಅದನ್ನೇ ಕೇಳುತ್ತಾರೆ. ಆಗ ಒಂದು ಆರ್ಡರಿನಿಂದ ಬಂದದ್ದು ಹತ್ತು ಆರ್ಡರಿನಲ್ಲಿ ಹೋಗುತ್ತದೆ. ಅದಕ್ಕೇ ಕಡಿಮೆ ರೇಟನ್ನು ಹೊಸಬರಿಗೆ, ಅದೂ ನಮ್ಮ ಮಾಮೂಲಿ ಗಿರಾಕಿಗಳು ಮಾಡಿಸದ ಬಗೆಯ ಕೆಲಸಕ್ಕೆ ಮಾತ್ರ ಕೊಡುತ್ತೇನೆ.